ಹೇಳದೆ ಬಿಟ್ಟ ಸಂಗತಿ

ಆತ್ಮಕಥೆ ಬರೆಯಹೊರಟವನು ಏನನ್ನೂ ಮುಚ್ಚಿಡಬಾರದೆಂದು ನಾವು ಬಹಳ ಸಲೀಸಾಗಿ ಹೇಳಿಬಿಡುತ್ತೇವೆ. ಫ್ರೆಡರಿಕ್ ಡಗ್ಲಸನ ಕಥೆಯನ್ನು ಓದಿದ ಮೇಲೆ ಹಾಗೆನ್ನಲು ನನಗೆ ನಾಲಗೆ ಏಳುವುದಿಲ್ಲ.

ಅಮೆರಿಕದ ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿದ ಈತ 1838ರಲ್ಲಿ ಬಾಲ್ಟಿಮೋರಿನಿಂದ ತಪ್ಪಿಸಿಕೊಂಡ. ಗುಲಾಮಗಿರಿಯ ವಿರೋಧಿಗಳ ಸಭೆಗಳಲ್ಲಿ ಅವನ ಮಾತು ಕೇಳಿದವರಿಗೆ, ಇಷ್ಟು ಚೆನ್ನಾಗಿ ಮಾತನಾಡುವವನು ಗುಲಾಮನಾಗಿದ್ದುದುಂಟೆ ಎಂಬ ಸಂಶಯ! ಅದಕ್ಕೆ ಉತ್ತರವಾಗಿ 1845ರಲ್ಲಿ ತನ್ನ ಕಥೆಯನ್ನು ಅಚ್ಚು ಹಾಕಿಸಿದ. ಒಡೆಯರ ಹೆಸರು, ಊರು, ಚಾಟಿ ಬೀಸಿದವರ ಹೆಸರು, ಎಲ್ಲವನ್ನೂ ಬರೆದ. ಕಾನೂನಿನ ಪ್ರಕಾರ ಅವನಿನ್ನೂ ಪರರ ಸ್ವತ್ತು. ಹಿಡಿದೊಯ್ಯುವವರಿಗೆ ತಾನೇ ಗುರುತು ಕೊಟ್ಟಂತಾಯಿತು. ಕಡಲು ದಾಟಿ ಬ್ರಿಟನ್ನಿಗೆ ಹೋಗಬೇಕಾಯಿತು. ಅಲ್ಲಿಯ ಸ್ನೇಹಿತರು ಹಣ ಕೂಡಿಸಿ 1846ರಲ್ಲಿ ಅವನ ಸ್ವಾತಂತ್ರ್ಯವನ್ನು ಕೊಂಡುಕೊಟ್ಟರು. ಒಬ್ಬ ಮನುಷ್ಯನನ್ನು ಅವನಿಗೇ ಕೊಡಿಸುವುದಕ್ಕೂ ರಸೀದಿ ಬೇಕಾಗಿದ್ದ ಕಾಲ.

ಇಷ್ಟು ಎದೆಗಾರಿಕೆಯವನು, ಓದುಗ ತುದಿಗಾಲಿನಲ್ಲಿ ಕಾಯುವ ಒಂದು ಸಂಗತಿಯನ್ನು, ತಾನು ಪಾರಾದ ಬಗೆಯನ್ನು, ಹೇಳಲೊಲ್ಲೆನೆಂದುಬಿಟ್ಟ. ಹೇಳಿದರೆ ನೆರವಾದವರು ಸಿಕ್ಕಿಬೀಳುವರು, ಹಿಂದುಳಿದವರಿಗೆ ಆ ದಾರಿ ಮುಚ್ಚುವುದು. ತನ್ನ ತಲೆಗೆ ಬರುವ ಅಪಾಯವನ್ನು ಬರೆದ. ಪರರ ತಲೆಗೆ ಬರುವುದನ್ನು ಬರೆಯಲಿಲ್ಲ. ಪೂರ್ತಿ ವಿವರ ಬರೆದದ್ದು 1881ರಲ್ಲಿ, ಗುಲಾಮಗಿರಿ ರದ್ದಾಗಿ 16 ವರ್ಷಗಳ ಮೇಲೆ. ನಾವಿಕನ ಉಡುಪು, ಗೆಳೆಯನಿಂದ ಎರವಲು ತಂದ ಪತ್ರ, ರೈಲಿನ ಪ್ರಯಾಣ. ಪತ್ರದಲ್ಲಿದ್ದ ಚಹರೆಗೂ ಇವನಿಗೂ ಹೋಲಿಕೆಯೇ ಇರಲಿಲ್ಲ. ರೈಲಿನ ಅಧಿಕಾರಿ ಮೇಲಿನ ಹದ್ದಿನ ಚಿತ್ರವನ್ನಷ್ಟು ನೋಡಿ ಮುಂದೆ ಹೋದ.

ಹೆನ್ರಿ ಬ್ರೌನನ ರೀತಿ ಬೇರೆ. 1849ರಲ್ಲಿ ಮರದ ಪೆಟ್ಟಿಗೆಯಲ್ಲಿ ಮುದುಡಿ ಕುಳಿತು, 27 ಗಂಟೆಗಳಲ್ಲಿ ರಿಚ್‌ಮಂಡಿನಿಂದ ಫಿಲಡೆಲ್ಫಿಯಾ ತಲುಪಿದ. ಆ ಕಥೆಯನ್ನು ಊರೂರಿಗೆ ಹೇಳಿದ. ಈ ಉಪಾಯ ಬಯಲಾದದ್ದು ಡಗ್ಲಸನಿಗೆ ಸರಿಕಾಣಲಿಲ್ಲ. ಅವನ ವಾದ ನ್ಯಾಯವೇ. ಆದರೂ ಬ್ರೌನನನ್ನು ದೂರಲು ನನಗೆ ಮನಸ್ಸಿಲ್ಲ: ಆ ಪೆಟ್ಟಿಗೆಯ ಕಥೆ ಕೇಳಿ ಎಷ್ಟು ಜನರ ಎದೆ ಕರಗಿತೋ!

ಇನ್ನು, ಮುಚ್ಚಿಟ್ಟವರು ತೆತ್ತ ಬೆಲೆಯನ್ನೂ ನೋಡಬೇಕು. ಹ್ಯಾರಿಯೆಟ್ ಜೇಕಬ್ಸ್ ಅಜ್ಜಿಯ ಮನೆಯಲ್ಲಿ, ನೆಟ್ಟಗೆ ನಿಲ್ಲಲೂ ಬಾರದ ಮಾಡಿನ ಸಂದಿಯಲ್ಲಿ ಸುಮಾರು 7 ವರ್ಷ ಅಡಗಿದ್ದವಳು. 1861ರಲ್ಲಿ ತನ್ನ ಕಥೆಯನ್ನು ಹೊರತಂದಾಗ ತನ್ನದನ್ನೂ ಸೇರಿಸಿ ಹೆಸರುಗಳನ್ನೆಲ್ಲ ಬದಲಿಸಿದಳು. ಮುಂದೆ ಬಂದ ಪಂಡಿತರಲ್ಲಿ ಅನೇಕರು ಅದನ್ನು ಬಿಳಿಯ ಸಂಪಾದಕಿಯೊಬ್ಬಳು ಹೆಣೆದ ಕಾದಂಬರಿಯೆಂದರು. ಹಳೆಯ ಕಾಗದಗಳನ್ನು ಶೋಧಿಸಿ ಅದು ನಿಜವೆಂದು ಜೀನ್ ಫೇಗನ್ ಯೆಲಿನ್ ತೋರಿಸಿಕೊಟ್ಟದ್ದು 1980ರ ದಶಕದಲ್ಲಿ. ಜೇಕಬ್ಸ್ ತೀರಿಕೊಂಡು ಆಗಲೇ 80 ವರ್ಷ ಮೀರಿತ್ತು.