ದುಡಿದ ಗಂಟೆ ಯಾರದು?



ಆಗಸ್ಟ್ ತಿಂಗಳಿನಲ್ಲಿ ಮೈಸೂರಿನಿಂದ ಹುಣಸೂರಿನ ಕಡೆಗೆ ಇರುಳು ಪ್ರಯಾಣ ಮಾಡಿದವರಿಗೆ ಬಿಳಿಕೆರೆಯ ಆಸುಪಾಸಿನ ಗಾಳಿ ನೆನಪಿರುತ್ತದೆ. ಸೌದೆಯ ಹೊಗೆ, ಅದರೊಡನೆ ಬೆರೆತ ಸೊಪ್ಪಿನ ಘಾಟು. ಹೊಲದ ನಡುವೆ ಅಲ್ಲೊಂದು ಇಲ್ಲೊಂದು ಎತ್ತರದ ಗೋಡೆಯ ಕಿರುಕಟ್ಟಡ, ಅದರ ಬುಡದಲ್ಲಿ ಕೆಂಡ, ಕೆಂಡದ ಮುಂದೆ ಕಂಬಳಿ ಹೊದ್ದು ಕುಳಿತ ಒಬ್ಬ ಮನುಷ್ಯ. ವರ್ಜೀನಿಯಾ ಹೊಗೆಸೊಪ್ಪನ್ನು ಹದಗೊಳಿಸುವ ಬ್ಯಾರನ್ ಅದು. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲುಸಾಲಾಗಿ ತೂಗುಹಾಕಿ, ಕೊಳವೆಗಳ ಮೂಲಕ ಬಿಸಿಯನ್ನು ಹಾಯಿಸಿ, ಐದಾರು ದಿನ ಹಗಲಿರುಳೂ ಕಾವನ್ನು ಮೆಲ್ಲಮೆಲ್ಲನೆ ಏರಿಸುತ್ತಾ ಹೋಗಬೇಕು. ಒಂದು ಜಾವ ಕಣ್ಣು ಮುಚ್ಚಿದರೆ ಸೊಪ್ಪಿನ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ಹರಾಜಿನಲ್ಲಿ ಬೆಲೆ ಕುಸಿಯುತ್ತದೆ. ಈ ಬೆಳೆಯ ಕುರಿತಾಗಿಯೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹಲವಿವೆ. ಅವು ಇನ್ನೊಂದು ತಿಂಗಳಿಗಿರಲಿ.

ಕಳೆದ ಹಂಗಾಮಿನಲ್ಲಿ ಈ ಭಾಗದ ಒಂದು ಮನೆಗೆ ಭೇಟಿಯಿತ್ತಿದ್ದೆ. ಮನೆಯ ಯಜಮಾನರು ಇಪ್ಪತ್ತೈದು ವರ್ಷಗಳಿಂದ ಹೊಗೆಸೊಪ್ಪು ಬೆಳೆಯುವವರು. ಆ ಸೊಪ್ಪಿನ ಹಣದಲ್ಲಿಯೇ ಮಗನನ್ನು ಇಂಜಿನಿಯರಿಂಗ್ ಓದಿಸಿದ್ದಾರೆ. ಮಗನಿಗೆ ಮೈಸೂರಿನ ಒಂದು ತಂತ್ರಾಂಶ ಕಂಪನಿಯಲ್ಲಿ ಕೆಲಸ. ಯಾವ ಕಂಪನಿಯೆಂಬುದು ಇಲ್ಲಿ ಮುಖ್ಯವಲ್ಲ. ಬೆಳಗ್ಗೆ ಏಳಕ್ಕೆ ಬಸ್ಸು ಹತ್ತಿದವನು ಮನೆ ಸೇರುವುದು ರಾತ್ರಿ ಹತ್ತೂವರೆಗೆ. ಭಾನುವಾರವೂ ಕರೆ ಬರುತ್ತದೆ. ಎರಡು ವರ್ಷ ಹೀಗೆ ದುಡಿದ ಅವನು, ಕೆಲಸ ಬಿಟ್ಟು ಕಡಿಮೆ ಸಂಬಳದ ಬೇರೊಂದು ಉದ್ಯೋಗಕ್ಕೆ ಹೋಗುತ್ತೇನೆಂದು ಹೇಳಿದ್ದಾನೆ. ತಂದೆಗೆ ಸಿಟ್ಟು ಬಂದಿದೆ.

"ನೀವಾದರೂ ಬುದ್ಧಿ ಹೇಳಿ ಫಾದರ್. ವಾರಕ್ಕೆ ಎಪ್ಪತ್ತು ಗಂಟೆ ದುಡಿಯಬೇಕು ಅಂತ ನಾರಾಯಣಮೂರ್ತಿಯವರಂಥ ದೊಡ್ಡವರೇ ಹೇಳಿದ್ದಾರಲ್ಲ. ನಾನು ಬ್ಯಾರನ್ ಮುಂದೆ ರಾತ್ರಿಯೆಲ್ಲ ಕೂರಲಿಲ್ವೆ?" ಎಂದರು ಅವರು.

ಬಾಗಿಲಲ್ಲಿ ನಿಂತಿದ್ದ ಮಗ ಮೆತ್ತಗೆ ಹೇಳಿದ: "ಅಪ್ಪಾ, ಬ್ಯಾರನ್ ನಿಮ್ಮದಲ್ವಾ?"

ಆ ಮಾತಿಗೆ ನನ್ನಲ್ಲಿ ಆಗ ಉತ್ತರವಿರಲಿಲ್ಲ. ಕಾಫಿ ಕುಡಿದು ಎದ್ದುಬಂದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಬ್ಬನು ಸ್ವಇಚ್ಛೆಯಿಂದ ಮಾಡಿದ ತ್ಯಾಗವನ್ನು ಇನ್ನೊಬ್ಬನಿಗೆ ಅಳತೆಗೋಲಾಗಿ ಹಿಡಿಯಬಹುದೇ? ತಂದೆ ಮಗನಿಗೆ ಹಿಡಿಯಬಹುದೇ? ಸಂಸ್ಥೆ ಕಟ್ಟಿದವರು ಒಂದು ತಲೆಮಾರಿಗೇ ಹಿಡಿಯಬಹುದೇ? ಆ ತಂದೆ ಉದಾಹರಿಸಿದ ಜೀವನವನ್ನೇ ಮುಂದಿಟ್ಟುಕೊಂಡು ಆಲೋಚಿಸೋಣ.

ಎನ್.ಆರ್. ನಾರಾಯಣಮೂರ್ತಿಯವರು ನಮಗೆ ಪರಕೀಯರಲ್ಲ. 1946ರಲ್ಲಿ ಶಿಡ್ಲಘಟ್ಟದಲ್ಲಿ ಹುಟ್ಟಿದವರು, ಶಾಲಾ ಶಿಕ್ಷಕರ ಮಗ. ಐಐಟಿಯ ಪ್ರವೇಶ ಪರೀಕ್ಷೆಯಲ್ಲಿ ಉತ್ತೀರ್ಣರಾದರೂ ಅಲ್ಲಿಯ ವೆಚ್ಚವನ್ನು ತಂದೆ ಭರಿಸಲಾರದಾದಾಗ, ಮೈಸೂರಿನ ಎನ್.ಐ.ಇ. ಕಾಲೇಜಿನಲ್ಲೇ ಓದಿ 1967ರಲ್ಲಿ ಪದವಿ ಪಡೆದರು. ಅನಂತರವೇ ಕಾನ್ಪುರದ ಐಐಟಿಯಲ್ಲಿ ಸ್ನಾತಕೋತ್ತರ ಪದವಿ. ಮಕ್ಕಳನ್ನು ದೂರದ ಕಾಲೇಜಿಗೆ ಕಳುಹಿಸಲಾರದೆ ಮರುಗುವ ತಂದೆತಾಯಂದಿರು ಈ ವಿಷಯವನ್ನು ನೆನಪಿಡುವುದು ಒಳ್ಳೆಯದು.

ಮುಂದೆ ಪ್ಯಾರಿಸ್ಸಿನಲ್ಲಿ ಕೆಲಸ ಮಾಡಿ 1974ರಲ್ಲಿ ಅವರಿವರ ವಾಹನ ಹತ್ತಿ ಸ್ವದೇಶಕ್ಕೆ ಹೊರಟಿದ್ದ ಆ ಯುವಕ ಆಗ ಎಡಪಂಥೀಯ. ಯುಗೊಸ್ಲಾವಿಯಾದ ನಿಶ್ ಎಂಬ ಊರಿನಿಂದ ಹೊರಟ ರೈಲಿನಲ್ಲಿ ಸಹಪ್ರಯಾಣಿಕಳೊಬ್ಬಳ ಜೊತೆ ಮಾತನಾಡಿದ್ದೇ ಅಪರಾಧವಾಗಿ, ಪೊಲೀಸರು ಅವರನ್ನು ಇಳಿಸಿ ಸಣ್ಣ ಕೋಣೆಯೊಂದರಲ್ಲಿ ಅನ್ನಾಹಾರವಿಲ್ಲದೆ ದಿನಗಟ್ಟಲೆ ಕೂಡಿಹಾಕಿದರು. ಇದ್ದುದನ್ನು ಹಂಚುವುದರಿಂದ ಬಡತನ ನೀಗದು, ಉದ್ಯೋಗಗಳ ಸೃಷ್ಟಿಯಿಂದ ಮಾತ್ರ ನೀಗೀತು ಎಂಬ ನಿಲುವಿಗೆ ಆ ಕೋಣೆಯೇ ತಮ್ಮನ್ನು ತಂದಿತೆಂದು ಅವರು ಹಲವು ಬಾರಿ ಹೇಳಿಕೊಂಡಿದ್ದಾರೆ. ಮೊದಲು ಸ್ಥಾಪಿಸಿದ ಸಾಫ್ಟ್ರಾನಿಕ್ಸ್ ಎಂಬ ಸಂಸ್ಥೆ ಕೈಹಿಡಿಯಲಿಲ್ಲ. 1981ರ ಜುಲೈಯಲ್ಲಿ ಪುಣೆಯಲ್ಲಿ ಆರು ಮಂದಿ ಗೆಳೆಯರೊಡಗೂಡಿ ಇನ್ಫೋಸಿಸ್ಸನ್ನು ಆರಂಭಿಸಿದರು. ಬಂಡವಾಳ ಹತ್ತು ಸಾವಿರ ರೂಪಾಯಿ. ಕೊಟ್ಟವರು ಪತ್ನಿ ಸುಧಾ ಮೂರ್ತಿ, ತಾವು ಉಳಿಸಿಟ್ಟಿದ್ದ ಹಣದಿಂದ.

ಆ ವರ್ಷಗಳಲ್ಲಿ ಅವರು ದುಡಿದ ಪರಿ ಸಾಮಾನ್ಯವಾದುದಲ್ಲ. ಬೆಳಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಕಚೇರಿ, ರಾತ್ರಿ ಎಂಟೂವರೆಗೆ ಹಿಂದಿರುಗುವುದು, ವಾರಕ್ಕೆ ಆರು ದಿನ. 1994ರವರೆಗೆ ವಾರದಲ್ಲಿ 85ರಿಂದ 90 ಗಂಟೆ ದುಡಿದುದಾಗಿ ಅವರೇ ಹೇಳಿದ್ದಾರೆ. ಈ ಶ್ರಮವನ್ನು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ, ನಿಮಗೂ ಇಲ್ಲ.

ಆದರೆ ಅವರ ನಾಯಕತ್ವದ ಶ್ರೇಷ್ಠತೆಯನ್ನು ನಾನು ಕಾಣುವುದು ಆ ಗಂಟೆಗಳಲ್ಲಿ ಅಲ್ಲ. 1990ರ ಒಂದು ಘಟನೆಯಲ್ಲಿ. ಒಂಬತ್ತು ವರ್ಷ ದುಡಿದರೂ ಕಂಪನಿ ಇನ್ನೂ ಚಿಕ್ಕದಾಗಿಯೇ ಇತ್ತು. ಆಗ ಅದನ್ನು ಹತ್ತು ಲಕ್ಷ ಡಾಲರಿಗೆ ಕೊಳ್ಳಲು ಒಬ್ಬರು ಮುಂದೆ ಬಂದರು. ಸಂಗಡಿಗರು ಒಟ್ಟಾಗಿ ಕುಳಿತು ಚರ್ಚಿಸಿದರು. ಮಾರಿಬಿಡುವುದೇ ಲೇಸೆಂದು ಹಲವರಿಗೆ ತೋರಿತು. ಕೊನೆಗೆ ಮಾತನಾಡಿದ ಮೂರ್ತಿಯವರು, ಬಿಟ್ಟುಹೋಗಲು ಬಯಸುವವರ ಪಾಲನ್ನೆಲ್ಲ ತಾವೇ ಕೊಂಡುಕೊಳ್ಳುವುದಾಗಿ ಹೇಳಿದರು. ಕೈಯಲ್ಲಿ ಹಣವಿರಲಿಲ್ಲ, ಧೈರ್ಯವಿತ್ತು. ಗಮನಿಸಿ, 'ನನಗಾಗಿ ನೀವೂ ಕಷ್ಟಪಡಿ' ಎಂದು ಅವರು ಕೇಳಲಿಲ್ಲ. ಹೋಗುವವರಿಗೆ ಬಾಗಿಲು ತೆರೆದಿಟ್ಟು, ಅಪಾಯದ ಭಾರವನ್ನು ತಮ್ಮ ಹೆಗಲಿಗೆಳೆದುಕೊಂಡರು. ಬಾಗಿಲು ತೆರೆದಿದ್ದುದರಿಂದಲೇ ಏನೋ, ಯಾರೂ ಹೋಗಲಿಲ್ಲ.

1993ರಲ್ಲಿ ಕಂಪನಿಯ ಷೇರುಗಳು ಸಾರ್ವಜನಿಕರಿಗೆ ದೊರೆತವು. ಮರುವರ್ಷ, 1994ರಲ್ಲಿ, ನೌಕರರಿಗೂ ಷೇರು ನೀಡುವ ಯೋಜನೆ ಜಾರಿಗೆ ಬಂತು. ಅಂದಿನ ಭಾರತದಲ್ಲಿ ಅದು ಅಪರೂಪದ ನಡೆ. ಸಂಸ್ಥಾಪಕರಲ್ಲದ ಸಾಮಾನ್ಯ ನೌಕರರೂ ಕಂಪನಿ ಬೆಳೆದಂತೆ ತಾವೂ ಬೆಳೆದರು. ಅಂದರೆ ಅವರು ದುಡಿದ ಗಂಟೆಗಳಿಗೆ ತಿಂಗಳ ಸಂಬಳವಷ್ಟೇ ಅಲ್ಲದೆ ಒಡೆತನದ ಒಂದು ತುಣುಕೂ ಸಂದಿತು. ನಮ್ಮ ಬಿಳಿಕೆರೆಯ ಹುಡುಗನ ಮಾತಿನಲ್ಲಿ ಹೇಳುವುದಾದರೆ, ಬ್ಯಾರನ್‌ನಲ್ಲಿ ಅವರಿಗೂ ಒಂದು ಪಾಲಿತ್ತು. ಮೂರ್ತಿಯವರ ಹೆಸರೆತ್ತಿದೊಡನೆ ಎಪ್ಪತ್ತು ಗಂಟೆಯನ್ನು ನೆನೆಯುವ ನಾವು ಈ ಪಾಲನ್ನು ಮರೆತುಬಿಟ್ಟಿರುವುದು ವಿಷಾದಕರ.

ಇದೇ ಜೀವನದಲ್ಲಿ ಇನ್ನೊಂದು ಪುಟವೂ ಇದೆ. ಸುಧಾ ಮೂರ್ತಿಯವರು ಸ್ವತಃ ಇಂಜಿನಿಯರ್, ಟೆಲ್ಕೋ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ಮಹಿಳಾ ಇಂಜಿನಿಯರ್. ಕಂಪನಿಗೆ ಬಂಡವಾಳ ಕೊಟ್ಟವರು, ಆರಂಭದ ವರ್ಷಗಳಲ್ಲಿ ಸಂಸಾರವನ್ನು ನಿಭಾಯಿಸಿದವರು. ಆದರೆ ಗಂಡ ಹೆಂಡಿರಿಬ್ಬರೂ ಕಂಪನಿಯಲ್ಲಿರಬಾರದೆಂದು ಮೂರ್ತಿಯವರು ನಿರ್ಧರಿಸಿದಾಗ ಹೊರಗುಳಿದವರು ಅವರೇ. ಕುಟುಂಬದ ಪ್ರಭಾವವಿಲ್ಲದೆ ಸಂಸ್ಥೆ ನಡೆಯಬೇಕೆಂಬ ಉದ್ದೇಶ ಒಳ್ಳೆಯದೇ. ಆದರೂ ಅದರ ಬೆಲೆ ತೆತ್ತವರು ಉದ್ದೇಶವಿಟ್ಟುಕೊಂಡವರಲ್ಲ. 2024ರ ಜನವರಿಯಲ್ಲಿ, ಸಂಸ್ಥೆ ಹುಟ್ಟಿ ನಲವತ್ತೆರಡು ವರ್ಷಗಳಾದ ಮೇಲೆ, ತಾವು ಅಂದು ತಪ್ಪು ಆದರ್ಶಕ್ಕೆ ಕಟ್ಟುಬಿದ್ದಿದ್ದೆವೆಂದು ಮೂರ್ತಿಯವರು ಸಂದರ್ಶನವೊಂದರಲ್ಲಿ ಒಪ್ಪಿಕೊಂಡರು. ಎಪ್ಪತ್ತೇಳರ ವಯಸ್ಸಿನಲ್ಲಿ, ಇಷ್ಟು ಕೀರ್ತಿಯ ನಡುವೆ, ಬಹಿರಂಗವಾಗಿ 'ನಾನು ತಪ್ಪಿದೆ' ಎನ್ನುವುದು ಸುಲಭವಲ್ಲ. ಪಾಪನಿವೇದನೆ ಕೇಳುವ ಕೆಲಸದಲ್ಲಿ ಕೂದಲು ನರೆತವನಾಗಿ ಈ ಮಾತು ಹೇಳುತ್ತಿದ್ದೇನೆ.

ಇನ್ನು ಎಪ್ಪತ್ತು ಗಂಟೆಯ ಮಾತು. 2023ರ ಅಕ್ಟೋಬರಿನಲ್ಲಿ ಮೋಹನದಾಸ್ ಪೈ ಅವರೊಡನೆ ನಡೆಸಿದ ಸಂವಾದದಲ್ಲಿ, ಎರಡನೆಯ ಮಹಾಯುದ್ಧದ ನಂತರ ಜರ್ಮನಿ ಮತ್ತು ಜಪಾನಿನ ಜನರು ದುಡಿದಂತೆ ನಮ್ಮ ಯುವಜನರೂ ದೇಶಕ್ಕಾಗಿ ವಾರಕ್ಕೆ 70 ಗಂಟೆ ದುಡಿಯಬೇಕೆಂದು ಅವರು ಹೇಳಿದರು. ಲೆಕ್ಕ ಹಾಕಿ ನೋಡಿ. ಭಾನುವಾರ ಬಿಟ್ಟರೆ ದಿನಕ್ಕೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಇದಕ್ಕೆ ಬಿಳಿಕೆರೆಯಿಂದ ಹೋಗಿಬರುವ ಬಸ್ಸಿನ ಹೊತ್ತನ್ನು ಸೇರಿಸಿ. 1948ರ ಕಾರ್ಖಾನೆಗಳ ಕಾಯಿದೆ ಕಾರ್ಮಿಕನಿಗೆ ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತ್ತು; ಆ ಮಿತಿಯನ್ನು ಪಡೆಯಲು ಜನ ಎಷ್ಟು ಹೋರಾಡಿದ್ದರೆಂಬುದನ್ನು ನಾವು ಮಕ್ಕಳಿಗೆ ಕಲಿಸುವುದನ್ನೇ ಬಿಟ್ಟಿದ್ದೇವೆ.

ಮೂರ್ತಿಯವರ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾನು ವಾದಿಸಲಾರೆ. ಬಡ ದೇಶವೊಂದು ಬೆವರಿಲ್ಲದೆ ಮೇಲೇಳದು. ಸರ್ಕಾರದ ಸಹಾಯದಿಂದ ಓದಿದವರು ತಮಗಿಂತ ಬಡವರಿಗೆ ಋಣಿಗಳು ಎಂಬ ಅವರ ವಾದವೂ ನ್ಯಾಯವಾದುದೇ. 2025ರ ಜನವರಿಯಲ್ಲಿ ಮುಂಬಯಿಯಲ್ಲಿ ಮಾತನಾಡುತ್ತಾ, ಹೀಗೆ ದುಡಿಯಬೇಕೆಂದು ಯಾರೂ ಯಾರಿಗೂ ಹೇಳಲಾಗದು, ಪ್ರತಿಯೊಬ್ಬರೂ ಆತ್ಮಾವಲೋಕನ ಮಾಡಿಕೊಳ್ಳಬೇಕಾದ ವಿಷಯವಿದು ಎಂದೂ ಅವರು ಸ್ಪಷ್ಟಪಡಿಸಿದರು. ಆದರೆ ಹಿರಿಯರ ಮಾತು ಬಾಯಿಂದ ಹೊರಟ ಮೇಲೆ ಅವರ ಕೈಯಲ್ಲಿ ಉಳಿಯುವುದಿಲ್ಲ. ಅದು ಮೇಲ್ವಿಚಾರಕನ ಕೈಗೆ ಸೇರಿ ಬೆತ್ತವಾಗುತ್ತದೆ, ಬಿಳಿಕೆರೆಯ ಹಜಾರದಲ್ಲಿ ತಂದೆಯೊಬ್ಬನ ಬಾಯಲ್ಲಿ ಗದರಿಕೆಯಾಗುತ್ತದೆ.

ದೇಶಕ್ಕಾಗಿ ದುಡಿದ ಗಂಟೆ ದೇಶವನ್ನು ತಲುಪುವ ಮೊದಲು ಯಾರ ಲೆಕ್ಕಪುಸ್ತಕವನ್ನು ಹಾದುಹೋಗುತ್ತದೆ ಎಂಬುದನ್ನೂ ಕೇಳಬೇಕಲ್ಲವೇ? 2024ರ ಮಾರ್ಚಿನಲ್ಲಿ ಮೂರ್ತಿಯವರು ನಾಲ್ಕು ತಿಂಗಳ ಮೊಮ್ಮಗನಿಗೆ 15 ಲಕ್ಷ ಷೇರುಗಳನ್ನು ಉಡುಗೊರೆಯಾಗಿ ಕೊಟ್ಟರು. ಅಂದಿನ ಬೆಲೆಯಲ್ಲಿ ಅದು 240 ಕೋಟಿ ರೂಪಾಯಿಗೂ ಮಿಗಿಲು. ತಪ್ಪೇನೂ ಇಲ್ಲ, ತಾವು ಗಳಿಸಿದ್ದನ್ನು ತಾತ ಕೊಟ್ಟಿದ್ದಾರೆ. ಮರುವರ್ಷ ಫೆಬ್ರವರಿಯಲ್ಲಿ ಮೈಸೂರಿನ ಹೆಬ್ಬಾಳದಲ್ಲಿರುವ ಇನ್ಫೋಸಿಸ್ ಆವರಣದಿಂದ ಮುನ್ನೂರಕ್ಕೂ ಹೆಚ್ಚು ತರಬೇತಿನಿರತರು, ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂಬ ಕಾರಣಕ್ಕೆ ಹೊರನಡೆಯಬೇಕಾಯಿತು. ಆಗ ಮೂರ್ತಿಯವರು ಆ ಸಂಸ್ಥೆಯ ಯಾವ ಹುದ್ದೆಯಲ್ಲೂ ಇರಲಿಲ್ಲ. ಆ ನಿರ್ಧಾರವನ್ನು ಅವರ ತಲೆಗೆ ಕಟ್ಟುವುದು ಅನ್ಯಾಯ. ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಡುತ್ತಿರುವುದು ಯಾರನ್ನೂ ದೂಷಿಸಲು ಅಲ್ಲ. ಒಡೆಯನ ಗಂಟೆ ಮೊಮ್ಮಗನವರೆಗೂ ಫಲ ಕೊಡುತ್ತದೆ. ಒಡೆತನವಿಲ್ಲದವನ ಗಂಟೆ ಆ ತಿಂಗಳ ಸಂಬಳದೊಡನೆ ಮುಗಿದುಹೋಗುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟು ತ್ಯಾಗವೆಂದು ಕರೆಯುವಾಗ ಎಚ್ಚರವಿರಬೇಕು.

1981ರಲ್ಲಿಯೇ, ಇನ್ಫೋಸಿಸ್ ಹುಟ್ಟಿದ ಎರಡೇ ತಿಂಗಳ ಅಂತರದಲ್ಲಿ, ಪೋಪ್ ಜಗದ್ಗುರು ಎರಡನೆಯ ಜಾನ್ ಪೌಲರು ಮಾನವ ದುಡಿಮೆಯನ್ನು ಕುರಿತು ವಿಶ್ವಪತ್ರವೊಂದನ್ನು ಹೊರಡಿಸಿದರು. ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯನಿರುವುದು ದುಡಿಮೆಗಾಗಿ ಅಲ್ಲ ಎಂಬುದು ಅದರ ತಿರುಳು. ತರುಣರಾಗಿದ್ದಾಗ ಕಲ್ಲುಗಣಿಯಲ್ಲಿ ಮೈಮುರಿದು ದುಡಿದವರು ಅವರು. ದುಡಿಮೆಯ ಘನತೆ ಅವರಿಗೆ ಪುಸ್ತಕದಿಂದ ತಿಳಿದುದಲ್ಲ.

ಅದಕ್ಕೂ ಎಷ್ಟೋ ಹಿಂದಿನದು ಸಬ್ಬತ್ತಿನ ಕಟ್ಟಳೆ. ಗುರುಮಠದ ದಿನಗಳಲ್ಲಿ ಅದನ್ನು ಬಾಯಿಪಾಠ ಮಾಡಿದ್ದೆವು, ಆದರೆ ಅದು ಯಾರನ್ನು ಉದ್ದೇಶಿಸಿದೆಯೆಂದು ನಾನು ಯೋಚಿಸಿದ್ದು ಬಹಳ ತಡವಾಗಿ. ಬೈಬಲನ್ನು ತೆರೆದು ನೋಡಿ. ಮಗ, ಮಗಳು, ಗಂಡಾಳು, ಹೆಣ್ಣಾಳು, ಎತ್ತು, ಕತ್ತೆ, ಊರಿಗೆ ಬಂದ ಪರದೇಶಿ ಇವರೆಲ್ಲರಿಗೂ ಬಿಡುವು ಸಿಗಬೇಕೆಂದು ಅಲ್ಲಿ ಹೇಳಿರುವುದು ಮನೆಯ ಯಜಮಾನನಿಗೆ. ಅವನು ತಾನು ಬೇಕಾದರೆ ಇರುಳೆಲ್ಲ ಎಚ್ಚರವಿದ್ದಾನು. ಆದರೆ ತನ್ನ ಅಂಗಳದಲ್ಲಿರುವ ಇತರರ ಬಿಡುವು ಅವನ ಮರ್ಜಿಗೆ ಬಿಟ್ಟದ್ದಲ್ಲ.

ಇಷ್ಟು ಬರೆದ ಮೇಲೆ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಹಬ್ಬದ ಹಿಂದಿನ ಇರುಳು ಚರ್ಚನ್ನು ಗುಡಿಸುವ ಹೆಂಗಸರ ಗಂಟೆಗಳನ್ನು, ಗಾಯನವೃಂದದ ಹುಡುಗರ ಗಂಟೆಗಳನ್ನು 'ಸೇವೆ' ಎಂಬ ಒಂದು ಪದದಿಂದ ಎಷ್ಟು ಸಲೀಸಾಗಿ ಪಡೆದುಕೊಂಡುಬಿಡುತ್ತೇವೆ ನಾವು ಗುರುಗಳು! ಬರಲಾರೆನೆಂದವರ ಮೇಲೆ ಮುನಿಸಿಕೊಂಡದ್ದೂ ಉಂಟು. 1990ರ ಆ ತೆರೆದ ಬಾಗಿಲು ನನ್ನಲ್ಲಿ ಎಷ್ಟು ಬಾರಿ ತೆರೆದಿತ್ತೆಂದು ಲೆಕ್ಕ ಹಾಕಲು ಹೋದೆ. ಉತ್ತರ ಹಿತವಾಗಿರಲಿಲ್ಲ.

ಹೋದ ವಾರ ಬಿಳಿಕೆರೆಯ ಆ ಮನೆಗೆ ಮತ್ತೆ ಹೋಗಿದ್ದೆ. ಹುಡುಗ ಇನ್ನೂ ಕೆಲಸ ಬಿಟ್ಟಿಲ್ಲ. ತಂದೆ ಹೊಲಕ್ಕೆ ಹೋಗಿದ್ದರು. ನಾನು ತಾಯಿಯ ಮುಂದೆ ಬ್ಯಾರನ್ ಮಾತನ್ನೆತ್ತಿದೆ. ಆಕೆ ನಕ್ಕರು. "ಬ್ಯಾರನ್ ಅವರದೇ ಫಾದರ್. ಸೊಪ್ಪು ಕಟ್ಟೋದು ಮಾತ್ರ ನಾನು, ನನ್ನ ಮಗಳು. ಅವಳು ಎಂಟನೇ ಕ್ಲಾಸಿನಲ್ಲಿ ಎರಡು ತಿಂಗಳು ಸ್ಕೂಲಿಗೇ ಹೋಗಲಿಲ್ಲ, ಅದನ್ನ ಯಾರೂ ಕೇಳಲಿಲ್ಲ ಬಿಡಿ" ಎಂದು ಒಲೆಯ ಕಡೆಗೆ ತಿರುಗಿದರು.

ಬರುವ ಭಾನುವಾರ ಬಲಿಪೂಜೆಯ ನಂತರ ಮಗನನ್ನು ಕರೆದುಕೊಂಡು ಬರುತ್ತೇನೆಂದು ತಂದೆ ಹೇಳಿಕಳುಹಿಸಿದ್ದಾರೆ. ತಾಯಿ ಮಗಳನ್ನೂ ಜೊತೆಗೆ ಕರೆತರಬೇಕೆಂದು ನಾನು ಹೇಳಿಕಳುಹಿಸಿದ್ದೇನೆ.