ಅನ್‌ನೋನ್ ಆರ್ಟಿಸ್ಟ್

ಕಳೆದ ಬೇಸಿಗೆಯಲ್ಲಿ ಬೇತಮಂಗಲಕ್ಕೆ ಹೋದಾಗ ಅಟ್ಟದ ಮೇಲಿನ ಟ್ರಂಕ್ ಇಳಿಸಿದೆ. ಒಳಗೆ ಅಪ್ಪನ 41 ಕ್ಯಾಸೆಟ್. ಅಪ್ಪ ಹೋಗಿ ನಾಲ್ಕು ವರ್ಷ ಆಗಿತ್ತು, ಯಾರೂ ಮುಟ್ಟಿರಲಿಲ್ಲ. ಬೆಂಗಳೂರಿಗೆ ತಂದು, ಹಳೆಯ ಪ್ಲೇಯರ್ ಒಂದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ದಿನಕ್ಕೊಂದರಂತೆ ಎಂಪಿ3 ಮಾಡಿದೆ. ಅದು ಸುಲಭದ ಕೆಲಸ. ಕಷ್ಟ ಶುರುವಾಗಿದ್ದು ಟ್ಯಾಗ್ ಹಾಕುವಾಗ.

ಟ್ಯಾಗ್ ಅಂದ್ರೆ ಹಾಡಿನ ಫೈಲಿನೊಳಗೇ ಅಂಟಿಸಿರುವ ಚೀಟಿ. ಹಾಡು ಯಾವುದು, ಯಾರದ್ದು, ಯಾವ ಆಲ್ಬಂ, ಯಾವ ವರ್ಷ. ಫೋನು ಅದನ್ನು ಓದಿಯೇ ಹಾಡುಗಳನ್ನು ಜೋಡಿಸುತ್ತದೆ. ಖಾಲಿ ಬಿಟ್ಟರೆ 'ಅನ್‌ನೋನ್ ಆರ್ಟಿಸ್ಟ್' ಅಂತ ಒಂದು ಗೋಣಿಚೀಲ ಇರುತ್ತಲ್ಲ, ಅದಕ್ಕೆ ತುಂಬುತ್ತದೆ. ನಿಮ್ಮ ಫೋನಿನಲ್ಲೂ ಇದೆ, ನೋಡಿ.

ಮೊದಲ ಜಗಳ 'ನಿತ್ಯೋತ್ಸವ'ದ ಜೊತೆಗೇ ಆಯಿತು. 1978ರ ಕ್ಯಾಸೆಟ್, ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಈಗ ಆರ್ಟಿಸ್ಟ್ ಜಾಗದಲ್ಲಿ ಯಾರನ್ನು ಕೂರಿಸೋದು? 1996ರಲ್ಲಿ ಎರಿಕ್ ಕೆಂಪ್ ಅನ್ನುವವರು ಈ ಚೀಟಿಯನ್ನು ಮೊದಲು ಮಾಡಿದಾಗ ಅದು ಬರೀ 128 ಬೈಟ್. ಹಾಡಿಗೆ 30, ಕಲಾವಿದನಿಗೆ 30, ಆಲ್ಬಂಗೆ 30. ಕವಿಗೆ ಜಾಗವೇ ಇಲ್ಲ, ಸಂಗೀತ ಸಂಯೋಜಕನಿಗೂ ಇಲ್ಲ. ಕನ್ನಡದ ಒಂದೊಂದು ಅಕ್ಷರ, ಒತ್ತು, ಗುಣಿತ ಎಲ್ಲ ಯೂನಿಕೋಡ್‌ನ ಯುಟಿಎಫ್-8ನಲ್ಲಿ ಮೂರು ಮೂರು ಬೈಟ್ ತಿನ್ನುವುದರಿಂದ, ಆ 30ರೊಳಗೆ ತುಂಬಲು ಹೋದರೆ ಹೆಸರು 'ಮೈಸೂರು ಅನಂ' ಎಂಬಲ್ಲಿಗೆ ನಿಂತುಬಿಡುತ್ತದೆ. ಹಾಡಿನ ಪ್ರಕಾರ ಆರಿಸಲು 80 ಹೆಸರುಗಳ ಪಟ್ಟಿ ಇತ್ತು. ಅದರಲ್ಲಿ ಪೋಲ್ಕಾ ಇತ್ತು, ಫೋಕ್ ಇರಲಿಲ್ಲ! ಜನಪದವನ್ನು ಆಮೇಲೆ ವಿನ್‌ಆಂಪ್‌ನವರು ಸೇರಿಸಿದರು. ಹೊಸ ಚೀಟಿಗಳಲ್ಲಿ ಕವಿಗೂ ಸಂಯೋಜಕನಿಗೂ ಬೇರೆ ಬೇರೆ ಖಾನೆ ಇದೆ, ಹಾಗಾಗಿ ಆ ಜಗಳ ಹೇಗೋ ಮುಗಿಯಿತು.

ಇನ್ನೊಂದು ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಮೇಲಿನ ಬರಹವೆಲ್ಲ ಅಳಿಸಿತ್ತು. ಹಾಕಿ ಕೇಳಿದೆ. ತೆಲುಗು ತತ್ವಪದ, ಕೊನೆಯ ಚರಣದಲ್ಲಿ 'ಅಮರನಾರೇಯಣ' ಅಂತ ಬಂತು. ಕೈವಾರ ತಾತಯ್ಯನವರದ್ದು, ಅನುಮಾನವೇ ಇಲ್ಲ. ನಮ್ಮ ಹಳಬರ ಟ್ಯಾಗಿಂಗ್ ಇದು, ಅಂಕಿತ. ಚೀಟಿ ಹರಿದರೂ ಹೋಗಲ್ಲ, ಹಾಡಿನೊಳಗೇ ಹೊಲಿದಿರುತ್ತಾರೆ. ಆದರೆ ವಿಚಿತ್ರ ನೋಡಿ, ಹೊಲಿದಿರುವುದು ತಮ್ಮ ಹೆಸರಲ್ಲ, ದೇವರದ್ದು. ಬಸವಣ್ಣನಿಗೆ ಕೂಡಲಸಂಗಮದೇವ, ಶರೀಫರಿಗೆ ಶಿಶುನಾಳಾಧೀಶ. ಆರ್ಟಿಸ್ಟ್ ಜಾಗವನ್ನು ದೇವರಿಗೆ ಬಿಟ್ಟುಕೊಟ್ಟವರ ಹೆಸರೇ ನೂರಾರು ವರ್ಷ ಉಳಿದುಬಂತು.

ಅಂಕಿತವೂ ಇಲ್ಲದ ಕ್ಯಾಸೆಟ್ ಒಂದಿತ್ತು. ಅದರ ಬಗ್ಗೆ ಬರೆಯೋಕೇ ಇಷ್ಟೆಲ್ಲ ಪೀಠಿಕೆ.

ಅಪ್ಪ ಎಲ್ಲ ಕ್ಯಾಸೆಟ್ಟಿನ ಮೇಲೂ ಮುತ್ತಿನಂಥ ಅಕ್ಷರದಲ್ಲಿ ವಿವರ ಬರೆಯುತ್ತಿದ್ದರು. ಚಿಕ್ಕಪ್ಪನ ಮದುವೆಯದ್ದರಲ್ಲಿ ಆರತಿ ಹಾಡಿದ ಅತ್ತೆಯರ ಹೆಸರು, ನಾದಸ್ವರದವರ ಊರು, ಎಲ್ಲಾ ಇದೆ. ಇದರ ಮೇಲೆ ಮಾತ್ರ 'ಕೂಲಿಯೋರ ಹಾಡು, 1994' ಅಂತಷ್ಟೇ. ನಮ್ಮ ಜಗಲಿ ಮೇಲೆ ರಾತ್ರಿ ಕೂತು ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಾ ಹೆಂಗಸರು ಹಾಡಿದ್ದು. ಅರ್ಧ ಕನ್ನಡ, ಅರ್ಧ ತೆಲುಗು. ನಡುನಡುವೆ ಸಿಪ್ಪೆ ಒಡೆಯುವ ಚಟಚಟ, ಒಂದು ಕಡೆ ನಾನು ಅಳುವುದೂ ಇದೆ. ಮೂರು ದನಿ ಬೇರೆ ಬೇರೆಯಾಗಿ ಕೇಳುತ್ತವೆ. ಮೂರನೆಯದು, ಸ್ವಲ್ಪ ಒಡಕು ದನಿ, ಮೇಲಕ್ಕೆ ಹೋದಾಗ ಮೈ ಜುಂ ಅನ್ನುತ್ತದೆ.

ಆರ್ಟಿಸ್ಟ್ ಜಾಗದಲ್ಲಿ ಕರ್ಸರ್ ಮಿಣಮಿಣ ಅಂತಿತ್ತು. 'ಅನ್‌ನೋನ್' ಅಂತ ಟೈಪ್ ಮಾಡಿ ಅಳಿಸಿದೆ. ಗೊತ್ತಿಲ್ಲ ಅನ್ನೋದು ಸುಳ್ಳು. ಅಪ್ಪನಿಗೆ ಗೊತ್ತಿತ್ತು. ಅದೇ ಮುತ್ತಿನಂಥ ಅಕ್ಷರದಲ್ಲಿ ಕೂಲಿ ಲೆಕ್ಕದ ಪುಸ್ತಕದಲ್ಲಿ ಅವರೆಲ್ಲರ ಹೆಸರೂ ಇತ್ತು, ಯಾರು ಎಷ್ಟು ಸೇರು ಸುಲಿದರು ಅಂತ ಬರೆಯಬೇಕಿತ್ತಲ್ಲ. ಆ ಪುಸ್ತಕ ಎಂದೋ ಗುಜರಿಗೆ ಹೋಯಿತು, ಕ್ಯಾಸೆಟ್ ಉಳಿಯಿತು. ಸುಲಿದ ಕಾಯಿಗೆ ಹೆಸರಿತ್ತು, ಹಾಡಿಗೆ ಇರಲಿಲ್ಲ. ಅಪ್ಪನನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಆ ಹಾಡಿಗೆ ಕ್ಯಾಸೆಟ್ ದಂಡ ಮಾಡಿದ ಇನ್ನೊಬ್ಬ ಮನುಷ್ಯ ಊರಲ್ಲಿರಲಿಲ್ಲ. ಆದರೂ.

ನಮ್ಮೂರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ರಾಜನ ಹೆಸರು ಉಳಿಯಿತು, ಕೆರೆಗೆ ಮಣ್ಣು ಹೊತ್ತವರದ್ದು ಉಳಿಯಲಿಲ್ಲ ಅಂತ ಭಾಷಣ ಹೊಡೆಯೋದು ಸುಲಭ. ಅವರನ್ನು ಕೇಳೋಣ ಅಂದರೆ ಅವರಿಲ್ಲ. 1994ಕ್ಕೆ ಆ ನೆಪ ಇಲ್ಲ.

ಭಾನುವಾರ ಊರಿಗೆ ಹೋದೆ. ಅಮ್ಮ ಫೋನಿಗೆ ಕಿವಿಯಿಟ್ಟು ಕೇಳಿ ಎರಡು ದನಿ ಗುರುತು ಹಿಡಿದರು. ಇಬ್ಬರೂ ಇದ್ದಾರೆ, ಮನೆಯಿಂದ ಹತ್ತು ನಿಮಿಷದ ನಡಿಗೆ. ಮೂವತ್ತು ವರ್ಷದಲ್ಲಿ ನಾನು ಆ ಕಡೆ ಹೋಗಿದ್ದು ಎಷ್ಟು ಸಲ ಅಂತ ಲೆಕ್ಕ ಹಾಕಬೇಡಿ.

ಮೊದಲನೆಯವರು ತಮ್ಮ ದನಿ ಕೇಳಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಹೆಸರು ಹಾಕಲಾ ಅಂದೆ. ವೋಟರ್ ಕಾರ್ಡಿನಲ್ಲಿ ಇರೋ ಹಾಗೇ, ಗಂಡನ ಹೆಸರು ಬಿಟ್ಟು ಬರೀ ಅವರದ್ದೇ ಹಾಕಬೇಕು ಅಂದರು. ಹಾಕಿದೆ.

ಎರಡನೆಯವರು ಒಪ್ಪಲಿಲ್ಲ. "ಆಡು ನಂದಾ? ನಮ್ಮತ್ತೆ ಯೋಳ್ಕೊಟ್ಟಿದ್ದು. ಅವಳ್ಗೆ ಅವರಮ್ಮ. ನನ್ನೆಸ್ರು ಯಾಕಪ್ಪಾ?" ಹಾಡಿದ್ದು ನೀವಲ್ವಾ ಅಂತ ವಾದಿಸಿದೆ, ಹಕ್ಕು ಗಿಕ್ಕು ಅಂತೇನೋ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಪ್ಪ ಕೂಲಿ ಕೊಟ್ಟಿದ್ದು ಕಳ್ಳೆಕಾಯಿಗೆ. ಆಡಿಗೆ ಕೊಟ್ಟಿರಲಿಲ್ಲ. ಅದು ನಾವು ಸುಮ್ನೆ ಆಡ್ಕೊಂಡಿದ್ದು" ಅಂದರು. ಅಪ್ಪನ ಮೇಲಿನ ದೂರೋ, ಆ ಹಾಡು ನಿಮ್ಮ ಲೆಕ್ಕಕ್ಕೆ ಸೇರಿದ್ದಲ್ಲ ಅನ್ನುವ ಬಿಗುಮಾನವೋ, ಇವತ್ತಿಗೂ ನನಗೆ ತಿಳಿದಿಲ್ಲ. ಹಾಗಾಗಿ ಅವರ ಹೆಸರು ಫೈಲಿನಲ್ಲೂ ಇಲ್ಲ, ಇಲ್ಲೂ ಇಲ್ಲ.

ಮ್ಯೂಸಿಕ್‌ಬ್ರೈನ್ಜ್ ಅಂತ ಒಂದು ಡೇಟಾಬೇಸ್ ಇದೆ, ಪ್ರಪಂಚದ ಹಾಡುಗಳನ್ನೆಲ್ಲ ಜನರೇ ಸೇರಿ ಪಟ್ಟಿ ಮಾಡುತ್ತಾರೆ. ಅಲ್ಲಿ 'ಅನ್‌ನೋನ್', 'ಅನಾನಿಮಸ್', 'ಟ್ರೆಡಿಷನಲ್' ಮೂರೂ ಬೇರೆ ಬೇರೆ ಹೆಸರುಗಳು. ಮೊದಲು ನೋಡಿದಾಗ ಅತಿಯಾಯ್ತು ಅನಿಸಿತ್ತು, ನಮ್ಮ ಟೀಮಿನಲ್ಲಿ ಯಾರಾದರೂ ಇಂಥ ಡಿಸೈನ್ ತಂದಿದ್ದರೆ ಕೋಡ್ ರಿವ್ಯೂನಲ್ಲಿ ನಾನೇ ತಿರಸ್ಕರಿಸುತ್ತಿದ್ದೆ. ಈಗ ಅದು ಸಾಲದು ಅನಿಸುತ್ತದೆ. ಹೆಸರು ಬೇಡ ಅಂದವರಿಗೂ ನಾವು ಕೇಳದೇ ಬಿಟ್ಟವರಿಗೂ ಒಂದೇ ಖಾಲಿ ಜಾಗ ಇರಬಾರದು. ಹೊರಗಿನಿಂದ ನೋಡಿದರೆ ಎರಡೂ ಖಾಲಿಯೇ. ಮೊದಲನೆಯದು ಅವರ ತೀರ್ಮಾನ, ಎರಡನೆಯದು ನಮ್ಮ ಸೋಮಾರಿತನ, ಅಥವಾ ಅದಕ್ಕಿಂತ ಕೆಟ್ಟದ್ದೇನೋ.

ಮೂರನೇ ದನಿ? ಇಬ್ಬರೂ ಕೇಳಿದ ತಕ್ಷಣ ಗುರುತು ಹಿಡಿದರು, ಹೆಸರು ಮಾತ್ರ ನೆನಪಿಗೆ ಬರಲಿಲ್ಲ. ಅವರನ್ನು ಎಲ್ಲರೂ ಮಗನ ಹೆಸರು ಸೇರಿಸಿ ಇಂಥವನಮ್ಮ ಅಂತಲೇ ಕರೆಯುತ್ತಿದ್ದರಂತೆ. ಗಂಡ ಕೆಜಿಎಫ್‌ನಲ್ಲಿ ಕೆಲಸಕ್ಕಿದ್ದ, 2001ರಲ್ಲಿ ಗಣಿ ಮುಚ್ಚಿದ ಮೇಲೆ ಮನೆಮಂದಿಯೆಲ್ಲ ವಿ.ಕೋಟೆ ಕಡೆ ಹೋದರು. ಇದ್ದಾರೋ ಇಲ್ಲವೋ ಇವರಿಗೂ ಗೊತ್ತಿಲ್ಲ. ವಿ.ಕೋಟೆ ಏನು ದೂರ, ಆಂಧ್ರ ಗಡಿ ದಾಟಿದರೆ ಸಿಗುತ್ತೆ.

ಆಲ್ಬಂ ಜಾಗದಲ್ಲಿ ಅಪ್ಪ ಬರೆದಿದ್ದನ್ನು ಹಾಗೇ ಇಟ್ಟಿದ್ದೇನೆ, 'ಕೂಲಿಯೋರ ಹಾಡು, 1994'. ತಿದ್ದಿದರೆ ಅಪ್ಪನನ್ನು ಬಚಾವ್ ಮಾಡಿದ ಹಾಗೆ. ಆರ್ಟಿಸ್ಟ್ ಜಾಗದಲ್ಲಿ ಈಗ ಒಂದು ಹೆಸರು, ಕಾಮಾ, 'ಹೆಸರು ಬೇಡ ಅಂದವರು', ಇನ್ನೊಂದು ಕಾಮಾ, 'ಕೇಳಬೇಕು'. ಕಾರಿನಲ್ಲಿ ಹಾಡು ಬಂದಾಗಲೆಲ್ಲ ಸ್ಕ್ರೀನಿನ ಮೇಲೆ ಇದಿಷ್ಟೂ ಉದ್ದಕ್ಕೆ ಓಡುತ್ತದೆ. ಮೊನ್ನೆ ಮಗಳು ಹಿಂದಿನ ಸೀಟಿನಿಂದ ಅಕ್ಷರ ಕೂಡಿಸಿ ಓದಿ, "ಯಾರನ್ನ ಕೇಳಬೇಕು ಅಪ್ಪಾ?" ಅಂದಳು.