ಹಳ್ಳದ ಅಂಚೂ ಹೆಚ್ಚಿನ ಅಕ್ಕಿಯೂ



ಕಳೆದ ಶ್ರಾವಣಮಾಸದ ಒಂದು ಸೋಮವಾರ ಸಂಜೆ, ಮಠದಲ್ಲಿ ವಚನಪಾಠವು ಮುಗಿದು ಜನರು ಪ್ರಸಾದಕ್ಕೆ ಏಳುವ ಹೊತ್ತಿನಲ್ಲಿ, ಒಕ್ಕಲುತನದ ಹಿರಿಯ ಭಕ್ತರೊಬ್ಬರು ನನ್ನ ಬಳಿ ಬಂದು ಕುಳಿತರು. ಅವರ ಹೊಲವು ಊರ ಮಗ್ಗುಲಿನ ಹಳ್ಳದ ದಂಡೆಯಲ್ಲಿದೆ. ಊರು ಬೆಳೆಬೆಳೆಯುತ್ತ ಅವರ ಬದುವಿನವರೆಗೂ ಬಂದುಬಿಟ್ಟಿದೆ. ಮಗಳ ಮದುವೆಗೆ ಮಾಡಿದ ಸಾಲ, ಮಗನ ಓದಿಗೆ ಮಾಡಿದ ಸಾಲ ಎರಡನ್ನೂ ತೀರಿಸುವ ಸಲುವಾಗಿ ಹೊಲವನ್ನು ನಿವೇಶನಗಳಾಗಿ ಒಡೆದು ಮಾರಬೇಕೆಂದು ಅವರು ನಕ್ಷೆ ಮಾಡಿಸಿದ್ದರು. ನಗರಯೋಜನೆಯ ಕಚೇರಿಯವರು ಆ ನಕ್ಷೆಯ ಮೇಲೆ ಹಳ್ಳದ ಪಕ್ಕದಲ್ಲಿ ಒಂದು ಗೆರೆಯನ್ನೆಳೆದು, ಈ ಗೆರೆಯಿಂದ ನೀರಿನ ಕಡೆಗೆ ಯಾವ ಕಟ್ಟಡವೂ ಕೂಡದೆಂದು ಬರೆದು ಹಿಂದಿರುಗಿಸಿದ್ದರು.

"ಮಾಸ್ತರರ, ನಮ್ಮಪ್ಪ ಉತ್ತ ಹೊಲ ನನ್ನದಲ್ಲೇನ್ರಿ? ನನ್ನ ಹೊಲದಾಗ ಮನಿ ಕಟ್ಟಬ್ಯಾಡ ಅನ್ನಾಕ ಇವರ್ಯಾರ್ರಿ? ದುಡಿದು ಉಣ್ಣು ಅಂತ ಬಸವಣ್ಣನವರು ಹೇಳ್ಯಾರ. ದುಡಿದ ನೆಲ ಬಿಟ್ಟುಕೊಡು ಅಂತ ಎಲ್ಲಿ ಹೇಳ್ಯಾರ?"

ನಾನು ಆಗ ಏನನ್ನೂ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲವೆಂಬುದೇ ನಿಜ. ಅದರ ಕಾರಣವನ್ನು ಮುಂದೆ ನಿವೇದಿಸುವೆನು. ಅವರ ಪ್ರಶ್ನೆಯು ಹಗುರವಾದುದಲ್ಲ. ಸಾಲಗಾರನು ಬಾಗಿಲಲ್ಲಿ ನಿಂತಿರುವಾಗ ಗೃಹಸ್ಥನಿಗೆ ಧರ್ಮಸೂಕ್ಷ್ಮವನ್ನು ಉಪದೇಶಿಸುವುದು ಸುಲಭ, ಅನುಸರಿಸುವುದು ಕಷ್ಟ. ಆದರೂ ಅದು ಅವರೊಬ್ಬರ ಪ್ರಶ್ನೆಯಲ್ಲವಾದುದರಿಂದ, ವಚನಧರ್ಮದ ಬೆಳಕಿನಲ್ಲಿ ಅದನ್ನು ಯಥಾಮತಿ ವಿಚಾರಿಸಲು ಇಲ್ಲಿ ಯತ್ನಿಸಿದ್ದೇನೆ.

ಮೊದಲು ಕಾಯಿದೆಯ ಮಾತನ್ನು ಮುಗಿಸೋಣ. ನಮ್ಮ ರಾಜ್ಯದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಅನ್ವಯ ಪಟ್ಟಣಗಳಿಗೆ ಮಹಾಯೋಜನೆಗಳು ಸಿದ್ಧವಾಗುತ್ತವೆ. ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ ಎಂಬುದರೊಡನೆ, ಕೆರೆ ಹಳ್ಳಗಳ ದಂಡೆಯಲ್ಲಿ ಎಷ್ಟು ನೆಲ ಬರಿದಾಗಿರಬೇಕೆಂಬುದನ್ನೂ ಅವು ಗೊತ್ತುಪಡಿಸುತ್ತವೆ. ಇದನ್ನೇ ಕಚೇರಿಗಳಲ್ಲಿ ಬಫರ್ ವಲಯವೆನ್ನುತ್ತಾರೆ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯು ಕೆರೆಗೆ 30 ಮೀಟರು, ದೊಡ್ಡ ರಾಜಕಾಲುವೆಗೆ 50, ಎರಡನೆಯ ದರ್ಜೆಯದಕ್ಕೆ 25, ಮೂರನೆಯ ದರ್ಜೆಯದಕ್ಕೆ 15 ಮೀಟರು ಎಂದು ವಿಧಿಸಿತ್ತು. ಇದು ಸಾಲದೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2016ರಲ್ಲಿ ಕೆರೆಯ ಅಂಚನ್ನು 75 ಮೀಟರಿಗೆ ಏರಿಸಿತು. ಶಾಸನಬದ್ಧವಾದ ಯೋಜನೆಯನ್ನು ಹೀಗೆ ಬದಲಿಸುವ ಅಧಿಕಾರ ನ್ಯಾಯಾಧಿಕರಣಕ್ಕೆ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಮಾರ್ಚಿಯಲ್ಲಿ ಅದನ್ನು ತೆಗೆದುಹಾಕಿತು. ಜೌಗು ಪ್ರದೇಶಗಳಿಗಾಗಿ ಕೇಂದ್ರ ಸರಕಾರವು 2017ರಲ್ಲಿ ಹೊರಡಿಸಿದ ನಿಯಮಗಳು, ಹತ್ತು ವರ್ಷಗಳ ಸರಾಸರಿ ನೆರೆಯ ಮಟ್ಟದಿಂದ 50 ಮೀಟರಿನೊಳಗೆ ಶಾಶ್ವತ ಕಟ್ಟಡವನ್ನು ನಿಷೇಧಿಸುತ್ತವೆ. ದೋಣಿಕಟ್ಟೆಗೆ ಮಾತ್ರ ವಿನಾಯಿತಿ. ಅಳತೆಗಳು ಹೀಗೆ ಊರಿಂದೂರಿಗೆ, ನೀರಿಂದ ನೀರಿಗೆ ಬೇರೆಯಾಗುತ್ತವೆ, ಕೋರ್ಟುಗಳಲ್ಲಿ ಏರುತ್ತವೆ, ಇಳಿಯುತ್ತವೆ. ಆ ಅಂಕೆಗಳಲ್ಲಿ ಧರ್ಮವನ್ನು ಹುಡುಕಬೇಕಾಗಿಲ್ಲ. ನೀರಿನ ಪಕ್ಕದ ನೆಲವು ಸಂಪೂರ್ಣವಾಗಿ ಒಬ್ಬನದಲ್ಲವೆಂಬ ತತ್ತ್ವವಷ್ಟೇ ನಮ್ಮ ವಿಚಾರಕ್ಕೆ ವಿಷಯ.

ಈ ತತ್ತ್ವವು ಹೊಸದೇನೂ ಅಲ್ಲ. ನಮ್ಮ ಪಹಣಿಗಳಲ್ಲಿ 'ಖರಾಬು' ಎಂಬ ಒಂದು ಕಲಮಿರುವುದನ್ನು ಒಕ್ಕಲಿಗರೆಲ್ಲರೂ ಬಲ್ಲರು. ಅದರಲ್ಲಿ ಎರಡು ಬಗೆ. ಉಳಲು ಬಾರದ ಕಲ್ಲುನೆಲವು ಒಂದು. ದಾರಿ, ಹಳ್ಳ, ಕೆರೆ, ಸ್ಮಶಾನ ಮೊದಲಾಗಿ ಸರ್ವರ ಉಪಯೋಗಕ್ಕೆ ಇರುವುದರಿಂದ ಕಂದಾಯವನ್ನೇ ಕಟ್ಟದೆ ಬಿಟ್ಟ ನೆಲವು ಇನ್ನೊಂದು. ಸರ್ವರಿಗೆ ಸೇರಿದ ನೆಲಕ್ಕೆ 'ಕೆಟ್ಟದ್ದು' ಎಂಬ ಅರ್ಥದ ಹೆಸರನ್ನಿಟ್ಟವರಾರೋ! ಕಂದಾಯ ಬಾರದುದೆಲ್ಲವೂ ಕೆಟ್ಟದ್ದೆಂಬುದು ಲೆಕ್ಕ ಬರೆಯುವವರ ದೃಷ್ಟಿ. ನಾವೂ ಅದೇ ಕಣ್ಣಿನಿಂದ ಹಳ್ಳದ ದಂಡೆಯನ್ನು ನೋಡುತ್ತ ಬಂದೆವು. ಮುಳ್ಳು ಬೆಳೆದಿದೆ, ಕೆಸರಿದೆ, ಯಾರಿಗೂ ಬೇಡವಾಗಿದೆ, ಒತ್ತಿಕೊಂಡರೆ ದೋಷವೇನು?

ಶರಣರ ಕಣ್ಣಿಗೆ ಅದು ಹೇಗೆ ಕಂಡಿತ್ತೆಂಬುದನ್ನು ನೋಡಿರಿ. ಮಡಿವಾಳ ಮಾಚಯ್ಯನವರು ಬಟ್ಟೆಯೊಗೆದುದು ಹೊಳೆಹಳ್ಳಗಳ ದಂಡೆಯಲ್ಲಿ. ಅಂಬಿಗರ ಚೌಡಯ್ಯನವರ ಕಾಯಕವು ಹೊಳೆಯ ಎರಡು ದಡಗಳ ನಡುವೆ. ಕುಂಬಾರ ಗುಂಡಯ್ಯನವರ ಚಕ್ರದ ಮೇಲಿನ ಮಣ್ಣು ಕೆರೆಯಂಗಳದಂಥ ಜಿಗುಟು ನೆಲದ್ದಲ್ಲದೆ ಮತ್ತೆಲ್ಲಿಯದು? ನುಲಿಯ ಚಂದಯ್ಯನವರ ಚರಿತ್ರೆಯಂತೂ ನೇರವಾಗಿ ಕೆರೆಯಂಚಿನಲ್ಲಿಯೇ ನಡೆಯುತ್ತದೆ. ನೀರಂಚಿನಲ್ಲಿ ಬೆಳೆದ ಹುಲ್ಲನ್ನು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದುದರಲ್ಲಿ ಜಂಗಮದಾಸೋಹ ಮಾಡುತ್ತಿದ್ದ ಆ ಮಹಾನುಭಾವರ ಇಷ್ಟಲಿಂಗವು ಹುಲ್ಲು ಕೊಯ್ಯುವಾಗ ಜಾರಿ ನೀರಿಗೆ ಬಿದ್ದಿತು. ಕಾಯಕಕ್ಕೆ ಭಂಗ ಬರಬಾರದೆಂದು ಅವರು ಹುಲ್ಲಿನ ಹೊರೆಯನ್ನೇ ಹೊತ್ತು ನಡೆದರು. ಲಿಂಗವೇ ಅವರನ್ನು ಹಿಂಬಾಲಿಸಿ ಬಂದಿತು. ಈ ಕಥೆಯನ್ನು ಕಾಯಕನಿಷ್ಠೆಗೆ ದೃಷ್ಟಾಂತವಾಗಿ ನಾವು ಹೇಳುತ್ತೇವೆ, ಯುಕ್ತವೇ. ಆದರೆ ಒಂದು ಸಣ್ಣ ಸಂಗತಿಯನ್ನು ಗಮನಿಸುವುದಿಲ್ಲ. ಆ ಹುಲ್ಲನ್ನು ಚಂದಯ್ಯನವರು ಬಿತ್ತಿರಲಿಲ್ಲ. ಆ ನೆಲಕ್ಕೆ ಅವರು ಒಡೆಯರಾಗಿರಲಿಲ್ಲ. ಕೆರೆಯ ಅಂಚು ಯಾರೊಬ್ಬರದೂ ಆಗಿರದ ಕಾರಣದಿಂದಲೇ ನೆಲವಿಲ್ಲದ ಶರಣನೊಬ್ಬನಿಗೆ ಸತ್ಯಶುದ್ಧ ಕಾಯಕವು ಸಾಧ್ಯವಾಯಿತು. ಇಂದಿನ ನಮ್ಮ ಊರುಗಳಲ್ಲಿ ಚಂದಯ್ಯನವರು ಕುಡುಗೋಲು ಹಿಡಿದು ಬಂದರೆ, ತಂತಿಬೇಲಿಯ ಹೊರಗೆ ನಿಂತು ಹೋಗಬೇಕಾದೀತು.

ಇನ್ನು ಆ ಹುಲ್ಲು ಅಲ್ಲಿ ಮಾಡುವ ಕಾಯಕವಾವುದು? ಅದರ ಬೇರು ದಂಡೆಯ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಹೊಲಗಳಿಂದ ಹರಿದು ಬರುವ ನೀರಿನ ವೇಗವನ್ನು ತಗ್ಗಿಸಿ, ಮಣ್ಣನ್ನೂ ಗೊಬ್ಬರದ ಕೊಳೆಯನ್ನೂ ಅಲ್ಲಿಯೇ ತಡೆದು, ನೀರನ್ನು ಮಾತ್ರ ಮುಂದಕ್ಕೆ ಬಿಡುತ್ತದೆ. ತಡೆಯದಿದ್ದರೆ ಆ ಮಣ್ಣೇ ಕೆಳಗಿನ ಕೆರೆಯ ಹೂಳು. ತಗ್ಗಿದ ನೀರು ನೆಲದೊಳಗೆ ಇಂಗಿ ಸುತ್ತಲಿನ ಬಾವಿಗಳಿಗೆ ಸೇರುತ್ತದೆ. ದೊಡ್ಡ ಮಳೆ ಬಂದಾಗ ಹಳ್ಳವು ಹೊರಳಲು ಒಂದಿಷ್ಟು ಹಾಸಿಗೆ ಬೇಕು. ಆ ಜೌಗು ದಂಡೆಯೇ ಅದರ ಹಾಸಿಗೆ. ವರ್ಷದಲ್ಲಿ ಹನ್ನೊಂದು ತಿಂಗಳು ಅದು ಬರಿದಾಗಿ ಕಾಣುತ್ತದೆಯೆಂದು ನಾವು ಅಲ್ಲಿ ಗೋಡೆ ಕಟ್ಟಿದರೆ, ಹನ್ನೆರಡನೆಯ ತಿಂಗಳಲ್ಲಿ ಹಳ್ಳವು ನಮ್ಮ ಪಡಸಾಲೆಯಲ್ಲಿ ಮಲಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಮಹದೇವಪುರಗಳ ಕಡೆಯಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಹೊರತಂದುದನ್ನು ನಾಡೇ ನೋಡಿತು. ಮಳೆ ಬಲವಾಗಿತ್ತು, ಸರಿ. ಆದರೆ ಕೆರೆಯಿಂದ ಕೆರೆಗೆ ನೀರೊಯ್ಯುತ್ತಿದ್ದ ರಾಜಕಾಲುವೆಗಳು ಎಷ್ಟೋ ಕಡೆ ಕಿರಿದಾಗಿದ್ದುವು, ಮುಚ್ಚಿಹೋಗಿದ್ದುವು.

ನಮ್ಮ ಹಿರಿಯರಿಗೆ ಇದು ತಿಳಿಯದ ಸಂಗತಿಯೆಂದು ಭಾವಿಸಬೇಡಿರಿ. ವಿಜಯನಗರದ ಅರಸರ ಕಾಲದಲ್ಲಿ, 1369ರಲ್ಲಿ, ಇಂದಿನ ಆಂಧ್ರದ ಕಡಪ ಜಿಲ್ಲೆಗೆ ಸೇರಿದ ಪೋರುಮಾಮಿಳ್ಳದ ಕೆರೆಯ ಬಳಿ ನಿಲ್ಲಿಸಿದ ಸಂಸ್ಕೃತ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಾರದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳುನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಅಂಗಳದ ನಡುವೆ ಉಬ್ಬು ಇರುವುದು, ನೀರು ಅಲ್ಪವಾಗಿ ನೆಲ ಅಧಿಕವಾಗಿರುವುದು ಇವು ಐದು. ಆರನೆಯದು: ನೆಲ ಅಲ್ಪವಾಗಿ ನೀರು ಅಧಿಕವಾಗಿರುವುದು. ಹಿಂದಿನವರು ಕೆರೆಗೆ ಸ್ಥಳವನ್ನು ಆರಿಸುವಾಗ ಈ ದೋಷವನ್ನು ಪರಿಹರಿಸಿಕೊಳ್ಳುತ್ತಿದ್ದರು. ನಾವು ಒತ್ತುವರಿಯಿಂದ ಅದನ್ನು ಕೈಯಾರೆ ಉಂಟುಮಾಡುತ್ತಿದ್ದೇವೆ. ಕೆರೆ ಕಟ್ಟಿದವರಿಗೂ ಕಾಪಾಡಿದವರಿಗೂ 'ಬಿತ್ತುವಟ್ಟ'ವೆಂದು ನೆಲವನ್ನು ಬಿಡುತ್ತಿದ್ದ ನಾಡು ಇದು. ದತ್ತಿಯ ನೆಲವನ್ನು ಅಪಹರಿಸಿದವನಿಗೆ ಹುಳುವಾಗಿ ಹುಟ್ಟೆಂದು ಶಾಪವನ್ನೂ ಕಲ್ಲಿನಲ್ಲಿ ಕೊರೆಯಿಸಿದ ನಾಡು. ಶಾಪಕ್ಕೆ ಈಗ ಯಾರೂ ಅಂಜುವುದಿಲ್ಲ. ಆದುದರಿಂದ ದಂಡದ ಕಲಮು ಬಂದಿದೆ.

ಕೆರೆಯ ಪ್ರಸ್ತಾಪ ಬಂದ ಮೇಲೆ ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ನೆನೆಯದೆ ಮುಂದುವರಿಯಲಾಗದು. ಸೊಲ್ಲಾಪುರದ ನಡುವೆ ಇಂದಿಗೂ ನೀರು ತುಂಬಿ ನಿಂತ ಆ ಕೆರೆಯನ್ನು ಅವರು ಕಟ್ಟಿಸುತ್ತಿರುವಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಅವರನ್ನು ಒಡ್ಡನೆಂದು ಕರೆದು ಕೆಣಕಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಪ್ರಸಿದ್ಧವಾಗಿದೆ. ಕೆಲವರು ಇದನ್ನು ತಪ್ಪಾಗಿ ಗ್ರಹಿಸಿ, ಪ್ರಭುದೇವರು ಕೆರೆ ಬಾವಿಗಳ ಕೆಲಸವನ್ನೇ ಅಲ್ಲಗಳೆದರೆಂದು ಹೇಳುವುದುಂಟು. ಹಾಗಲ್ಲ. ಪ್ರಭುಗಳು ಅಲ್ಲಗಳೆದುದು ಕೆರೆಯನ್ನಲ್ಲ, ನಾನು ಕಟ್ಟಿಸಿದೆನೆಂಬ ಅಹಂಭಾವವನ್ನು. ಲೋಕಕ್ಕಾಗಿ ಕೆರೆ ಕಟ್ಟಿದ ಮಹಾಯೋಗಿಗೇ 'ನನ್ನದು' ಎಂಬ ಮಾತನ್ನು ಬಿಡಬೇಕೆಂದು ಪ್ರಭುಗಳು ವಿಧಿಸಿದ ಮೇಲೆ, ಆ ಕೆರೆಯ ನೀರಿನಿಂದಲೇ ಬದುಕಿದ ನಾವು ಅದರ ಅಂಚನ್ನು 'ನನ್ನದು' ಎನ್ನುವುದಾದರೂ ಹೇಗೆ?

ಈಗ ಆ ಹಿರಿಯರ ಮೂಲ ಪ್ರಶ್ನೆಗೆ ಬರುತ್ತೇನೆ. ದುಡಿದ ನೆಲವನ್ನು ಬಿಡಬೇಕೆಂದು ಶರಣರು ಎಲ್ಲಿ ಹೇಳಿದ್ದಾರೆ?

ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಚರಿತ್ರೆಯನ್ನು ನೆನೆಯೋಣ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಅದು ಕದ್ದುದಲ್ಲ, ಕಸಿದುದಲ್ಲ. ನೆಲದ ಮೇಲಿದ್ದುದನ್ನೇ ಬಾಗಿ ಆಯ್ದುದು. ಬೆವರೂ ಅವರದೇ, ಬೆನ್ನುನೋವೂ ಅವರದೇ. ಆದರೂ ಆ ಮಹಾತಾಯಿ ಹೊಸ್ತಿಲಲ್ಲಿಯೇ ಅದನ್ನು ತಡೆದು, ಇಂದಿಗೆ ಬೇಕಾದಷ್ಟನ್ನು ಮಾತ್ರ ಉಳಿಸಿ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದಳು. ಲಕ್ಕಮ್ಮನವರ ಪ್ರಶ್ನೆ ನೀನು ದುಡಿದೆಯೋ ಇಲ್ಲವೋ ಎಂಬುದಲ್ಲ, ಇದು ನಮಗೆ ಸಲ್ಲುವುದೋ ಇಲ್ಲವೋ ಎಂಬುದು. ದುಡಿಮೆಯು ವಸ್ತುವಿಗೆ ಹಕ್ಕನ್ನು ತಂದುಕೊಡುತ್ತದೆಯೆಂಬ ನಂಬಿಕೆಗೂ ಒಂದು ಎಲ್ಲೆಯಿದೆ. ಆ ಎಲ್ಲೆಯಾಚೆ ಇರುವುದು ಇತರರ ಪಾಲು. ಅಂದು ಅದು ದಾಸೋಹಕ್ಕೆ ಕುಳಿತವರ ಪಾಲಾಗಿತ್ತು. ಹಳ್ಳದ ವಿಷಯದಲ್ಲಿ ಅದು ಕೆಳಗಿನ ಊರಿನ ಒಕ್ಕಲಿನದು, ಮುಂದೆ ಹುಟ್ಟುವ ಮಕ್ಕಳದು, ಬಾಯಿಲ್ಲದ ಪ್ರಾಣಿಗಳದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲವೂ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ಆ ಕೆರೆಯೂ, ಅಂಕಸಮುದ್ರವೂ, ಅಘನಾಶಿನಿಯ ಅಳಿವೆಯೂ 2024ರಲ್ಲಿ ಜಗತ್ತಿನ ಮಹತ್ತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದುವು. ಯಾವ ಪಹಣಿಯಲ್ಲಿಯೂ ಹೆಸರಿಲ್ಲದ ಅತಿಥಿಗಳು ಅವು.

ಹೀಗೆಂದ ಮಾತ್ರಕ್ಕೆ ಆ ಭಕ್ತರ ಸಂಕಟವನ್ನು ನಾನು ಕಡೆಗಣಿಸಲಾರೆ. ಅವರ ಮಾತಿನಲ್ಲಿ ಎರಡು ಸತ್ಯಗಳಿವೆ. ಅವರದು ಖರಾಬಲ್ಲ, ಪಟ್ಟಾ ಭೂಮಿ. ಅದರ ಮೇಲೆಯೂ ಗೆರೆ ಬಿದ್ದಿದೆ. ಗೆರೆಯೊಳಗೆ ಮೇವನ್ನೋ ತೋಟವನ್ನೋ ಮಾಡಿಕೊಳ್ಳಬಹುದಾದರೂ, ನಿವೇಶನದ ಬೆಲೆ ಮೇವಿನಿಂದ ಬಾರದು. ಎಲ್ಲರ ಹಿತಕ್ಕಾಗಿ ಒಬ್ಬನು ನಷ್ಟವನ್ನು ಹೊರುವಾಗ ಆ ಎಲ್ಲರೂ ಅವನ ಹೊರೆಗೆ ಹೆಗಲು ಕೊಡಬೇಕಾದುದು ದಾಸೋಹಧರ್ಮ. ನಮ್ಮ ಕಾಯಿದೆಗಳು ಈ ವಿಷಯದಲ್ಲಿ ಇನ್ನೂ ಕೃಪಣವಾಗಿವೆಯೆಂದು ನನ್ನ ಅಭಿಪ್ರಾಯ. ಎರಡನೆಯದು, ಬಡವನ ನಕ್ಷೆಯ ಮೇಲೆ ನೇರವಾಗಿ ಬೀಳುವ ಗೆರೆಯು ಬಲವಂತರ ಕಾಂಪೌಂಡಿನ ಬಳಿ ಬಂದಾಗ ಬಳ್ಳಿಯಂತೆ ಬಳುಕುವುದನ್ನು ಜನರು ನೋಡಿದ್ದಾರೆ. ಪಂಚಾಚಾರಗಳಲ್ಲಿ ಸದಾಚಾರದೊಡನೆ ಗಣಾಚಾರವನ್ನೂ ಹೇಳಿರುವುದು ಏತಕ್ಕೆ? ಅನ್ಯಾಯವನ್ನು ಕಂಡು ಸುಮ್ಮನಿರಬಾರದೆಂದು. ಆದರೆ ಗೆರೆಯನ್ನು ಎಲ್ಲರಿಗೂ ಸಮನಾಗಿ ಎಳೆಯಿರೆಂದು ಕೇಳುವುದು ಗಣಾಚಾರ. ಅವರು ದಾಟಿದರೆಂದು ನಾನೂ ದಾಟುವೆನೆನ್ನುವುದು ಗಣಾಚಾರವಲ್ಲ. ಹಾಗೆ ದಾಟುವ ಹಕ್ಕನ್ನು ಕೇಳಲು ಮಠದ ಹೆಸರನ್ನು ತರುವವರೂ ಇದ್ದಾರೆ. ಮಠವೇ ಆಗಲಿ, ಗುಡಿಯೇ ಆಗಲಿ, ಶಾಲೆಯೇ ಆಗಲಿ, ಹಳ್ಳದ ಪಾಲಿಗೆ ಗೋಡೆಯು ಗೋಡೆಯೇ.

ಸ್ಥಾವರ ಜಂಗಮಗಳ ವಿವೇಕವನ್ನು ವಚನಕಾರರು ನಮಗೆ ಕಲಿಸಿದ್ದಾರೆ. ಅದು ಆಧ್ಯಾತ್ಮಿಕ ವಿಷಯ. ಇಲ್ಲಿ ನಾನು ಹೇಳುವುದು ಕೇವಲ ಉಪಮೆ. ನಾವು ಕಟ್ಟಿದ ಗೋಡೆ ನಿಂತದ್ದು, ಹಳ್ಳವು ನಡೆಯುವುದು. ಮನೆಬಾಗಿಲಿಗೆ ಜಂಗಮನು ಬಂದಾಗ ಭಕ್ತನು ಎದ್ದು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ.

ಅಂದು ನನಗೆ ಬಾಯಿ ಬಾರದಿದ್ದ ಕಾರಣವನ್ನು ಹೇಳುವೆನೆಂದಿದ್ದೆ. ನಮ್ಮ ಮನೆಯ ಹಿತ್ತಿಲು ಅದೇ ಹಳ್ಳದ ಕೆಳಭಾಗದಲ್ಲಿದೆ. ನಾನು ಹುಡುಗನಾಗಿದ್ದಾಗ ಹುಣಿಸೆಯ ಮರವೊಂದು ನಮ್ಮ ಬೇಲಿಯ ಆಚೆಗಿತ್ತು. ದನ ಕಾಯುವ ಹುಡುಗರು ಅದರ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಈಗ ಆ ಮರವು ನಮ್ಮ ಬೇಲಿಯ ಒಳಗಿದೆ. ಮರವು ನಡೆದು ಬಂದಿಲ್ಲ. ತಂದೆಯವರ ಕಾಲದಲ್ಲಿ ಒಂದು ಮಾರು, ನನ್ನ ಕಾಲದಲ್ಲಿ ಎರಡು ಮಾರು ಹೀಗೆ ಬೇಲಿಯೇ ನಡೆದಿದೆ. ಮಾರಯ್ಯನವರ ಅಕ್ಕಿಯ ಪಾಠವನ್ನು ನಾನು ಶಾಲೆಯಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಸಲ ಹೇಳಿಕೊಟ್ಟಿದ್ದೇನೆ. ಒಮ್ಮೆಯೂ ನನಗೆ ಹಿತ್ತಿಲು ನೆನಪಾಗಿರಲಿಲ್ಲ. ಆ ಸೋಮವಾರ ರಾತ್ರಿ ಈ ಮಾತನ್ನೆತ್ತಿದಾಗ ನನ್ನ ಮನೆಯಾಕೆ, "ಹುಣಿಸೆಹಣ್ಣು ಉಪ್ಪಿಗೆ ಹಾಕುವಾಗಲೆಲ್ಲ ನನಗೆ ಅನ್ನಿಸುತ್ತಿತ್ತು, ನೀವು ಕೇಳಲಿಲ್ಲ, ನಾನು ಹೇಳಲಿಲ್ಲ" ಎಂದಳು.

ಹದ್ದುಬಸ್ತಿಗೆ ಅರ್ಜಿಯನ್ನು ಕೊಟ್ಟಿದ್ದೇನೆ. ಭೂಮಾಪಕರು ಇನ್ನೂ ಬಂದಿಲ್ಲ. ಆ ಹಿರಿಯ ಭಕ್ತರು ಮೊನ್ನೆ ಬಂದು ಬೇಲಿಯನ್ನೂ ಮರವನ್ನೂ ನೋಡಿ ಬಹಳ ಹೊತ್ತು ನಕ್ಕರು. ತಮ್ಮ ಹೊಲದ ಮಾತನ್ನು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಅಳತೆಯ ದಿನ ಸರಪಳಿಯ ಒಂದು ತುದಿಯನ್ನು ತಾವೇ ಹಿಡಿಯುವುದಾಗಿ ಹೇಳಿ ಹೋಗಿದ್ದಾರೆ.